ದೇವದುರ್ಗದ ಬಸ್ಸಿನಲ್ಲಿ ನಡೆದ ಬ್ಯಾಸ್ಕೆಟ್‌ಬಾಲ್ ತಂಡ

ಅನ್ನಪೂರ್ಣ ಬ್ಯಾಸ್ಕೆಟ್‌ಬಾಲ್ ಚೆಂಡನ್ನು ಮೊದಲ ಸಲ ಕೈಯಲ್ಲಿ ಹಿಡಿದಾಗ ಅವಳಿಗೆ ನಲವತ್ತೇಳು ವರ್ಷ. ಅಷ್ಟು ಹೊತ್ತಿಗಾಗಲೇ ಅವಳು ಮೂರು ತಿಂಗಳು ಒಂದು ಬ್ಯಾಸ್ಕೆಟ್‌ಬಾಲ್ ತಂಡವನ್ನು ನಡೆಸಿ, ಹತ್ತನೇ ಸ್ಥಾನದಲ್ಲಿ ಬಿದ್ದಿದ್ದ ಅದನ್ನು ನಾಲ್ಕನೇ ಸ್ಥಾನಕ್ಕೆ ತಂದು ನಿಲ್ಲಿಸಿದ್ದಳು.

ದೇವದುರ್ಗ ತಾಲ್ಲೂಕು ಕಚೇರಿಯಲ್ಲಿ ಅವಳು ಸಾಂಖ್ಯಿಕ ನಿರೀಕ್ಷಕಿ. ಮಳೆ ಎಷ್ಟು ಬಿತ್ತು, ಎಷ್ಟು ಎಕರೆ ಬಿತ್ತನೆಯಾಯಿತು, ಎಕರೆಗೆ ಎಷ್ಟು ಬೆಳೆಯಿತು ಎಂಬ ಅಂಕಿಗಳೆಲ್ಲ ಅವಳ ಮೇಜಿನ ಮೇಲೆ ಹಾದುಹೋಗಬೇಕು. ಮನೆ ಮಾತ್ರ ರಾಯಚೂರಿನಲ್ಲಿ. ಗಂಡ ಮರಿಸ್ವಾಮಿ ಮಾನ್ವಿಯ ಒಂದು ರೈಸ್ ಮಿಲ್ಲಿನಲ್ಲಿ ಸೂಪರ್‌ವೈಸರ್. ಬೆಳಿಗ್ಗೆ ಆರೂವರೆಗೆ ಇಬ್ಬರೂ ಬುತ್ತಿ ಕಟ್ಟಿಕೊಂಡು ಒಂದೇ ಸ್ಕೂಟರಿನಲ್ಲಿ ಬಸ್ ನಿಲ್ದಾಣಕ್ಕೆ ಬರುತ್ತಿದ್ದರು. ಅಲ್ಲಿಂದ ಅವನಿಗೆ ಮಾನ್ವಿಯ ಬಸ್ಸು, ಅವಳಿಗೆ ದೇವದುರ್ಗದ್ದು. ಮಕ್ಕಳಿರಲಿಲ್ಲ. ಒಂದು ಕಾಲಕ್ಕೆ ಅದರ ದುಃಖವಿತ್ತು. ಈಗ ಆ ಮಾತು ಬರುತ್ತಲೇ ಇರಲಿಲ್ಲ, ಬಾರದಂತೆ ಜೋಪಾನ ಮಾಡಬೇಕಾಗಿಯೂ ಇರಲಿಲ್ಲ.

ತಂಡ ಅವಳ ಕೊರಳಿಗೆ ಬಿದ್ದದ್ದು ಒಂದು ಡಿಸೆಂಬರ್ ಭಾನುವಾರ. ಅಕ್ಕನ ಮಗಳು ಸ್ವಪ್ನಾ ಊಟಕ್ಕೆ ಬಂದಿದ್ದಳು. ಅವಳು ರಾಯಚೂರಿನಲ್ಲೇ ಫಿಜಿಯೋಥೆರಪಿಸ್ಟ್. ಕಾಲೇಜಿನಲ್ಲಿದ್ದಾಗ ಬ್ಯಾಸ್ಕೆಟ್‌ಬಾಲ್ ಆಡುತ್ತಿದ್ದವಳು. ಆಗಿನ ಗೆಳತಿಯರೆಲ್ಲ ಸೇರಿ ಮೊಬೈಲಿನಲ್ಲಿ ಒಂದು ಫ್ಯಾಂಟಸಿ ಲೀಗ್ ನಡೆಸುತ್ತಿದ್ದರು. ಅಮೆರಿಕದ ಲೀಗಿನಲ್ಲಿ ನಿಜವಾಗಿ ಆಡುವ ಆಟಗಾರರನ್ನು ಹತ್ತು ಮಂದಿ ಹಂಚಿಕೊಳ್ಳುವುದು. ಒಬ್ಬೊಬ್ಬಳಿಗೆ ಹದಿಮೂರು ಆಟಗಾರರು. ಅವರು ಅಲ್ಲಿ ಆಡಿದ್ದರ ಅಂಕಿಗಳು ಇಲ್ಲಿ ಇವರ ತಂಡಕ್ಕೆ ಜಮೆಯಾಗುತ್ತವೆ. ವಾರಕ್ಕೊಬ್ಬ ಎದುರಾಳಿ.

"ಚಿಗವ್ವಾ, ನಮ್ಮಾಕಿ ಒಬ್ಬಾಕಿ ಬಾಣಂತನಕ್ಕ ತವರಿಗೆ ಹೋಗ್ಯಾಳ. ಆಕಿ ತಂಡ ನೀ ನೋಡ್ಕೋ. ಒಂಬತ್ತು ಮಂದಿ ಆದ್ರ ಜೋಡಿ ಕೂಡಂಗಿಲ್ಲ," ಎಂದಳು ಸ್ವಪ್ನಾ.

"ನನಗ ಆಟಾನ ಗೊತ್ತಿಲ್ಲಲ್ಲೇ."

"ಹೆಸರಿಗೆ ಇರು ಸಾಕು. ದಿನಾ ಒಂದು ಬಟನ್ ಒತ್ತೂದು, ಅಷ್ಟ."

ಒಳಗಿನಿಂದ ಮರಿಸ್ವಾಮಿ ಕೇಳಿದ. "ರೊಕ್ಕ ಹಚ್ಚೂ ಆಟ ಏನವ್ವ ಇದು?"

"ಇಲ್ರಿ ಕಾಕಾ, ಒಂದು ರೂಪಾಯಿನೂ ಇಲ್ಲ. ಎಲ್ಲರ ಹಿಂದ ಉಳಿದಾಕಿ ಉಳಿದವ್ರಿಗೆ ಊಟ ಹಾಕಬೇಕು. ಅದೊಂದ ದಂಡ."

"ಹಂಗಾದ್ರ ನಿಮ್ಮ ಚಿಗವ್ವ ಅಡಿಗಿ ಮಾಡೂದು ಗ್ಯಾರಂಟಿ," ಎಂದು ಅವನು ನಕ್ಕ.

ಸ್ವಪ್ನಾ ಹೋದ ಮೇಲೆ ಅನ್ನಪೂರ್ಣ ತಂಡವನ್ನು ತೆರೆದು ನೋಡಿದಳು. ವರ್ಗವಾಗಿ ಹೋದ ಅಧಿಕಾರಿ ಬಿಟ್ಟುಹೋದ ಕಡತದಂತಿತ್ತು. ಗಾಯಗೊಂಡು ಮನೆಯಲ್ಲಿ ಕುಳಿತ ಮೂವರು ಇನ್ನೂ ಆಡುವವರ ಸಾಲಿನಲ್ಲೇ ಇದ್ದರು. ಒಬ್ಬನನ್ನಂತೂ ಅವನ ಕ್ಲಬ್ಬೇ ಕೈಬಿಟ್ಟು ತಿಂಗಳಾಗಿತ್ತು. ಅಂಥದ್ದನ್ನು ನೋಡಿ ಹಾಗೇ ಬಿಡುವ ಸ್ವಭಾವ ಅವಳದಲ್ಲ. ಮೊದಲು ಅದನ್ನು ಸರಿಪಡಿಸಿದಳು. ಆಮೇಲೆ ಗೆಲ್ಲುವುದು ಹೇಗೆಂದು ಓದಲು ಕುಳಿತಳು.

ವಾರದ ಕೊನೆಗೆ ಎರಡು ತಂಡಗಳ ಒಂಬತ್ತು ಲೆಕ್ಕಗಳನ್ನು ಹೋಲಿಸುತ್ತಾರೆ. ಗಳಿಸಿದ ಪಾಯಿಂಟ್, ದೂರದಿಂದ ಹಾಕಿದ ಬುಟ್ಟಿ, ಬುಟ್ಟಿಗೆ ದಾರಿ ಮಾಡಿಕೊಟ್ಟ ಪಾಸು, ತಪ್ಪಿ ಪುಟಿದ ಚೆಂಡನ್ನು ಹಿಡಿದ ರೀಬೌಂಡ್, ಕಸಿದದ್ದು, ತಡೆದದ್ದು, ಎಸೆದುದರಲ್ಲಿ ಬುಟ್ಟಿಗೆ ಬಿದ್ದ ಶೇಕಡಾ, ಎದುರಾಳಿಯ ತಪ್ಪಿಗೆ ಸಿಗುವ ಫ್ರೀ ಥ್ರೋದ ಶೇಕಡಾ. ಒಂಬತ್ತನೆಯದು ಟರ್ನೋವರ್, ಅಂದರೆ ಚೆಂಡನ್ನು ಎದುರಾಳಿಗೆ ಕಳೆದುಕೊಂಡದ್ದು. ಅದೊಂದು ಮಾತ್ರ ಕಡಿಮೆ ಇದ್ದಷ್ಟೂ ಒಳ್ಳೆಯದು. ಒಂಬತ್ತರಲ್ಲಿ ಐದು ಗೆದ್ದರೆ ವಾರ ನಿಮ್ಮದು.

ಇದಕ್ಕೆಂದೇ ಪುಕ್ಕಟೆ ವೆಬ್‌ಸೈಟುಗಳಿದ್ದವು. ಒಂದರಲ್ಲಿ ಯಾವ ಕ್ಲಬ್ಬಿಗೆ ಈ ವಾರ ಎಷ್ಟು ಪಂದ್ಯ ಎಂಬ ಪಟ್ಟಿ. ಇನ್ನೊಂದರಲ್ಲಿ ಪ್ರತಿ ಆಟಗಾರ ಪ್ರತಿ ಲೆಕ್ಕದಲ್ಲಿ ಸರಾಸರಿಗಿಂತ ಎಷ್ಟು ಮೇಲೆ, ಎಷ್ಟು ಕೆಳಗೆ ಎಂಬ ಅಳತೆ. ಅದು ಬಿ.ಎಸ್ಸಿ.ಯಲ್ಲಿ ತಾನು ಕಲಿತಿದ್ದ ಪ್ರಮಾಣಿತ ವಿಚಲನೆಯ ಲೆಕ್ಕವೇ ಎಂದು ತಿಳಿದಾಗ ಅವಳಿಗೆ ಗುರುತಿಲ್ಲದ ಸಂತೆಯಲ್ಲಿ ಓಣಿಯವರು ಸಿಕ್ಕಷ್ಟು ಸಂತೋಷವಾಯಿತು. ಎಲ್ಲವನ್ನೂ ತನ್ನದೇ ಒಂದು ಎಕ್ಸೆಲ್ ಹಾಳೆಗೆ ಇಳಿಸಿಕೊಂಡಳು.

ನಿನ್ನೆ ಒಬ್ಬ ನಲವತ್ತು ಪಾಯಿಂಟ್ ಹಾಕಿದನೆಂದು ಉಳಿದವರು ಅವನಿಗಾಗಿ ಮುಗಿಬಿದ್ದರೆ ಅವಳು ಅಲುಗುತ್ತಿರಲಿಲ್ಲ. ಬೆಳೆ ಕಟಾವು ಪ್ರಯೋಗಕ್ಕೆ ಹೋದಾಗ ಇಂಥದ್ದನ್ನು ಇಪ್ಪತ್ತು ವರ್ಷ ಕಂಡಿದ್ದಳು. ಹೊಲದಲ್ಲಿ ಐದು ಮೀಟರ್ ಉದ್ದ, ಐದು ಮೀಟರ್ ಅಗಲದ ತುಂಡೊಂದನ್ನು ಗುರುತಿಸಿ, ಅಲ್ಲಿಯ ಬೆಳೆ ಕೊಯ್ದು ತೂಗಬೇಕು. ಯಾವ ತುಂಡು ಎನ್ನುವುದನ್ನು ಚೀಟಿ ಎತ್ತಿದಂತೆ ಬಂದ ಸಂಖ್ಯೆ ಹೇಳುತ್ತದೆ. ರೈತ "ಇಲ್ಲಿ ತೆನಿ ಚಲೋ ಅದಾವ, ಇಲ್ಲಿ ಕೊಯ್ರಿ ಮೇಡಂ" ಎಂದರೂ, ಬೆಳೆ ವಿಮೆ ನೆನಪಿರುವವನು "ಆ ಮೂಲಿಗೆ ಹೋಗ್ರಿ, ಅಲ್ಲೇನೂ ಇಲ್ಲ" ಎಂದರೂ ಅವಳು ಸಂಖ್ಯೆ ಬಂದ ಕಡೆಗೇ ಹೋಗಿ ನಿಲ್ಲುತ್ತಿದ್ದಳು.

ಒಂದು ತೊಡಕನ್ನು ಬಿಡಿಸಿದವನು ಮಾತ್ರ ಮರಿಸ್ವಾಮಿ. ಅವಳ ತಂಡದಲ್ಲಿ ಫ್ರೀ ಥ್ರೋ ಬಾರದ ಇಬ್ಬರು ಎತ್ತರದ ಆಳುಗಳಿದ್ದರು. ಒಬ್ಬನದು ನೂರಕ್ಕೆ ನಲವತ್ತು, ಇನ್ನೊಬ್ಬನದು ಐವತ್ತು. ನಲವತ್ತರವನನ್ನು ಆಡಿಸದೆ ಬೆಂಚಿನಲ್ಲಿ ಕೂರಿಸಿದರೂ ತಂಡದ ಶೇಕಡಾ ಏರುತ್ತಲೇ ಇರಲಿಲ್ಲ. ಊಟ ಮಾಡುತ್ತ ಅವಳು ಅದನ್ನು ಹೇಳಿದಳು.

"ಯಾವಾವ ಎಷ್ಟು ಸಲ ಒಗೀತಾನ?" ಎಂದು ಮರಿಸ್ವಾಮಿ ಕೇಳಿದ.

"ನಲವತ್ತರವ ಒಂದು ಮ್ಯಾಚಿಗೆ ಒಂದು ಸಲ. ಐವತ್ತರವ ಒಂಬತ್ತು ಸಲ."

"ಮತ್ತ ಅಲ್ಲೇ ಅದಲ್ಲ! ಒಂದು ಚೀಲ ಅಕ್ಕಿನಾಗ ನುಚ್ಚು ಜಾಸ್ತಿ ಇದ್ರ ಯಾರೂ ಕೇಳಂಗಿಲ್ಲ. ಒಂದು ಲಾರಿ ಅಕ್ಕಿನಾಗ ಸ್ವಲ್ಪ ನುಚ್ಚಿದ್ರೂ ಗೋಡೌನ್ ಮಾಲೆಲ್ಲಾ ಕೆಡ್ತದ. ನಿನ್ನ ಐವತ್ತರವ ಲಾರಿ ಇದ್ದಂಗ."

ಅನ್ನಪೂರ್ಣ ರೊಟ್ಟಿ ಮುರಿಯುವುದನ್ನು ನಿಲ್ಲಿಸಿ ಯೋಚಿಸಿದಳು. ಆ ಐವತ್ತರವನು ರೀಬೌಂಡಿನಲ್ಲಿ, ತಡೆಯುವುದರಲ್ಲಿ ದೊಡ್ಡ ಹೆಸರು. ಅವನನ್ನು ಬಿಡುವಂತಿಲ್ಲ. ಹಾಗಾದರೆ ಫ್ರೀ ಥ್ರೋವನ್ನೇ ಬಿಟ್ಟರೆ? ಒಂದು ಲೆಕ್ಕದಲ್ಲಿ ಸ್ವಲ್ಪ ಸೋತರೂ ಪೂರ್ತಿ ಸೋತರೂ ಒಂದೇ. ಅವತ್ತೇ ಹಾಳೆಯಲ್ಲಿ, ಎತ್ತರದ ಆಟಗಾರರಿಂದ ಅಷ್ಟಾಗಿ ಒದಗದ ನಾಲ್ಕು ಸಾಲುಗಳನ್ನು ಅಳಿಸಿದಳು. ಪಾಯಿಂಟ್, ದೂರದ ಬುಟ್ಟಿ, ಪಾಸು, ಫ್ರೀ ಥ್ರೋ. ಉಳಿದ ಐದರ ಮೇಲೆಯೇ ತಂಡ ಕಟ್ಟುವುದೆಂದು ನಿಶ್ಚಯಿಸಿದಳು.

ಆಗಲೇ ಗದ್ದಲವಾದದ್ದು. ಅವಳ ತಂಡದಲ್ಲಿದ್ದ ಒಬ್ಬನೇ ಒಬ್ಬ ಪ್ರಸಿದ್ಧ ಆಟಗಾರ, ಪಾಯಿಂಟುಗಳ ಮಳೆ ಸುರಿಸುವವನು, ಅಷ್ಟೇ ಧಾರಾಳವಾಗಿ ಚೆಂಡನ್ನೂ ಕಳೆದುಕೊಳ್ಳುತ್ತಿದ್ದ. ಅವನನ್ನು ಹೀರಾಬಿಗೆ ಕೊಟ್ಟು, ಬದಲಿಗೆ ಯಾರೂ ಹೆಸರು ಕೇಳದ ಇಬ್ಬರು ಎತ್ತರದವರನ್ನು ತೆಗೆದುಕೊಂಡಳು. ಹೀರಾಬಿ ಸ್ವಪ್ನಾಳ ಕಾಲೇಜು ತಂಡಕ್ಕೆ ಕ್ಯಾಪ್ಟನ್ ಆಗಿದ್ದವಳು, ಈಗ ಮಾನ್ವಿಯ ಒಂದು ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ದೈಹಿಕ ಶಿಕ್ಷಕಿ. ಲೀಗಿನಲ್ಲಿ ಮೊದಲ ಸ್ಥಾನವೂ ಅವಳದೇ. ಏನೂ ತಿಳಿಯದ ಹಿರಿಯರಿಗೆ ಹೀರಾಬಿ ಟೋಪಿ ಹಾಕಿದಳೆಂದು ಗ್ರೂಪಿನಲ್ಲಿ ಮಾತು ಶುರುವಾಯಿತು. ಕೊಡು-ಕೊಳ್ಳುವುದನ್ನು ರದ್ದು ಮಾಡಬೇಕೆಂದು ನಾಲ್ವರು ಮತ ಹಾಕಿದರು. ಸ್ವಪ್ನಾ ಫೋನ್ ಮಾಡಿ ಗದರಿದಳು.

"ಚಿಗವ್ವಾ, ನನ್ನ ಒಂದು ಮಾತು ಕೇಳಬಾರದೇನು? ಬಂಗಾರ ಕೊಟ್ಟು ಹಿತ್ತಾಳಿ ತಗೊಂಡೀಯಲ್ಲ!"

"ನನಗ ಬೇಕಾದ್ದು ಹಿತ್ತಾಳಿನ ಇತ್ತವ್ವ," ಎಂದಳು ಅನ್ನಪೂರ್ಣ. ತನ್ನ ಹಾಳೆಯ ಚಿತ್ರ ತೆಗೆದು ಗ್ರೂಪಿಗೆ ಹಾಕಿದಳು. ಐದು ಸಾಲು, ಹದಿಮೂರು ಹೆಸರು, ಮುಂದಿನ ಆರು ವಾರಗಳ ಪಂದ್ಯಗಳ ಸಂಖ್ಯೆ. ನಾಲ್ವರೂ ತಮ್ಮ ಮತವನ್ನು ಹಿಂತೆಗೆದುಕೊಂಡರು. ಆಮೇಲೆ ಹೀರಾಬಿಯದೇ ಸಂದೇಶ ಬಂತು: "ಮೋಸ ಆಗಿದ್ದು ನನಗಾ?"

ಅವಳ ತಂಡ ಮುಂದಿನ ಎಂಟು ವಾರಗಳಲ್ಲಿ ಆರು ಗೆದ್ದಿತು.

ಅಮೆರಿಕದ ರಾತ್ರಿ ಪಂದ್ಯಗಳು ಇಲ್ಲಿಗೆ ಬೆಳಗಿನವು. ಹಾಗಾಗಿ ಅವಳ ತಂಡದ ಕಾರುಬಾರೆಲ್ಲ ನಡೆದದ್ದು ದೇವದುರ್ಗದ ಬಸ್ಸಿನಲ್ಲಿ, ಎಡಗಡೆಯ ಮೂರನೇ ಸೀಟಿನಲ್ಲಿ. ಕಲ್ಮಲದಲ್ಲಿ ಅವಳ ಕಚೇರಿಯ ಜವಾನ ಕನಕರಾಯ ಹತ್ತಿ ಪಕ್ಕದಲ್ಲಿ ಕೂರುತ್ತಿದ್ದ. ನಿವೃತ್ತಿಗೆ ವರ್ಷವೊಂದು ಬಾಕಿ ಇದ್ದ ಮನುಷ್ಯ. ಹದಿನೈದು ದಿನ ಅವಳು ಮೊಬೈಲಿನಲ್ಲಿ ಮುಳುಗಿರುವುದನ್ನು ನೋಡಿ, ಒಂದು ದಿನ ದನಿ ತಗ್ಗಿಸಿ ಹೇಳಿದ.

"ಮೇಡಂ, ಸಿಟ್ಟಾಗಬ್ಯಾಡ್ರಿ. ಮೊಬೈಲ್ ಆಟದಾಗ ಹೊಲ ಕಳಕೊಂಡವ್ರನ್ನ ನಾ ಕಣ್ಣಾರೆ ನೋಡೀನಿ."

ಅವಳಿಗೆ ನಗು ಬಂತು, ಆದರೆ ನಗಲಿಲ್ಲ. ಮೊಬೈಲನ್ನು ಅವನ ಕೈಗೇ ಕೊಟ್ಟು ಒಂದೊಂದನ್ನೂ ವಿವರಿಸಿದಳು. ಇದರಲ್ಲಿ ದುಡ್ಡಿಲ್ಲವೆಂದು ಖಾತ್ರಿಯಾದ ಮೇಲೆ ಕನಕರಾಯ ಆಟಗಾರರ ಚಿತ್ರಗಳನ್ನು ನೋಡತೊಡಗಿದ. ಒಬ್ಬನ ಗಡ್ಡದಲ್ಲಿ ಬಿಳಿ ಕೂದಲಿತ್ತು.

"ಇವನಿಗೆ ವಯಸ್ಸೆಷ್ಟ್ರಿ?"

"ಮೂವತ್ತೆಂಟು. ಎಲ್ಲರಿಗಿಂತ ಹಿರಿಯವ. ಈ ವಾರ ಅವನ್ನ ತೆಗೀಬೇಕು ಅಂತ ಮಾಡೀನಿ."

"ಬ್ಯಾಡ್ರಿ ಮೇಡಂ! ರಿಟೈರ್ಮೆಂಟಿಗೆ ಬಂದವ. ಇರ್ಲಿ ಬಿಡ್ರಿ ಪಾಪ, ಒಂದು ಮೂಲ್ಯಾಗ."

ಅಂದಿನಿಂದ ಬಸ್ಸು ಹತ್ತಿದ ಕೂಡಲೇ ಕನಕರಾಯನ ಮೊದಲ ಪ್ರಶ್ನೆ "ನಮ್ಮ ಮುದುಕ ಹೆಂಗದಾನ್ರಿ?" ಎಂಬುದಾಯಿತು. ಅನ್ನಪೂರ್ಣ ಆ ಮುದುಕನನ್ನು ತೆಗೆಯಲಿಲ್ಲ. ಅವಳ ಹಾಳೆಯಲ್ಲಿ ಲೆಕ್ಕದ ಆಧಾರವಿಲ್ಲದೆ ಉಳಿದುಕೊಂಡವನು ಅವನೊಬ್ಬನೇ.

ಮಾರ್ಚ್ ನಡುವಿನಲ್ಲಿ ಸೆಮಿಫೈನಲ್ ಬಂತು. ಮೊದಲನೆಯ ಸ್ಥಾನದ ಹೀರಾಬಿಗೆ ನಾಲ್ಕನೆಯ ಸ್ಥಾನದ ಅನ್ನಪೂರ್ಣ ಎದುರಾಳಿ. ಆ ವಾರ ಮುದುಕನ ಕ್ಲಬ್ಬಿಗೆ ನಾಲ್ಕು ಪಂದ್ಯಗಳಿದ್ದುದರಿಂದ ಅವನನ್ನೂ ಆಡುವವರ ಸಾಲಿಗೆ ಸೇರಿಸಿದ್ದಳು. ಆಟದ ವಾರ ಮುಗಿಯುವುದು ಅಮೆರಿಕದ ಭಾನುವಾರ ರಾತ್ರಿಗೆ. ಇಲ್ಲಿ ಸೋಮವಾರ ಬೆಳಿಗ್ಗೆ ಬಸ್ಸಿನಲ್ಲಿ ಕುಳಿತು ನೋಡಿದರೆ ಅವಳು ಐದು, ಹೀರಾಬಿ ನಾಲ್ಕು. ಹೀರಾಬಿಯ ಆಟಗಾರರೆಲ್ಲ ಆಡಿ ಮುಗಿಸಿದ್ದರು. ಇವಳ ಕಡೆ ಉಳಿದವನು ಮುದುಕನೊಬ್ಬನೇ, ಅವನ ಪಂದ್ಯ ಏಳೂವರೆಗೆ.

ಅವನು ಎಷ್ಟು ಚೆನ್ನಾಗಿ ಆಡಿದರೂ ಇನ್ನು ಏನೂ ಸೇರುವಂತಿರಲಿಲ್ಲ. ಕೆಡುವುದೊಂದು ಮಾತ್ರ ಸಾಧ್ಯವಿತ್ತು. ಟರ್ನೋವರಿನಲ್ಲಿ ಅವಳದು ಅರವತ್ತೊಂದು, ಹೀರಾಬಿಯದು ಅರವತ್ತಮೂರು. ಮುದುಕ ಎರಡು ಸಲ ಚೆಂಡು ಕಳೆದುಕೊಂಡರೆ ಸಮ. ಸಮವಾದರೆ ಮೇಲಿನ ಸ್ಥಾನದವಳಿಗೇ ಗೆಲುವು. ಏಳೂವರೆಯೊಳಗೆ ಅವನನ್ನು ಬೆಂಚಿಗೆ ಕಳಿಸಿದರೆ ಅವಳು ಫೈನಲ್‌ಗೆ. ಅದಕ್ಕೆ ಒಂದೇ ಒಂದು ಬಟನ್ ಒತ್ತಬೇಕಿತ್ತು.

ಏಳು ಇಪ್ಪತ್ತೈದಕ್ಕೆ ಕಲ್ಮಲದಲ್ಲಿ ಕನಕರಾಯ ಹತ್ತಿದ.

"ಇವತ್ತು ನಮ್ಮ ಮುದುಕ ಆಡ್ತಾನಲ್ರಿ?"

ಅನ್ನಪೂರ್ಣಳ ಬೆರಳು ಪರದೆಯ ಮೇಲೆಯೇ ನಿಂತಿತು. ಏನು ಹೇಳಬೇಕೆಂದು ಯೋಚಿಸುವಷ್ಟರಲ್ಲಿ ಫೋನ್ ರಿಂಗಾಯಿತು. ಮಸರಕಲ್ಲಿನ ವೆಂಕಣ್ಣ. ಅವನ ತಡವಾಗಿ ಬಿತ್ತಿದ ಜೋಳದ ಹೊಲ ಕಟಾವು ಪ್ರಯೋಗಕ್ಕೆ ಆಯ್ಕೆಯಾಗಿತ್ತು. ಪ್ರಯೋಗ ಬುಧವಾರಕ್ಕೆ ನಿಗದಿಯಾಗಿತ್ತು.

"ಮೇಡಂ, ಆಳು ಇವತ್ತ ಸಿಕ್ಕಾರ್ರಿ. ನಾಳಿ ಸಿಗಂಗಿಲ್ಲ. ಕೊಯ್ಯಾಕ ಹಚ್ಚೀನಿ."

"ವೆಂಕಣ್ಣಾ, ನಿಂದ್ರು! ಗೂಟ ಹೊಡದ ಜಾಗಾ ಮುಟ್ಟಬ್ಯಾಡ. ಆ ಮಗ್ಗಲಿಂದ ಶುರು ಮಾಡಸು, ನಾ ಅಲ್ಲೇ ಇಳೀತೀನಿ…"

ಲೈನು ಕಡಿಯಿತು. ಮತ್ತೆ ಹಚ್ಚಿದಳು, ಮತ್ತೆ ಕಡಿಯಿತು. ಮೂರನೇ ಸಲ ಮಾತಾಡಿ, ಗ್ರಾಮ ಆಡಳಿತಾಧಿಕಾರಿಗೂ ಫೋನ್ ಮಾಡಿ ತಕ್ಕಡಿ ತರಲು ಹೇಳಿ ಮುಗಿಸುವಷ್ಟರಲ್ಲಿ ಏಳೂ ನಲವತ್ತು. ಮುದುಕನ ಹೆಸರಿನ ಮುಂದೆ ಬೀಗದ ಗುರುತು ಬಿದ್ದಿತ್ತು. ಅವನು ಅಂಗಳಕ್ಕೆ ಇಳಿದಾಗಿತ್ತು.

ಮಸರಕಲ್ ಬರುವವರೆಗೆ ಕನಕರಾಯ ಮೊಬೈಲನ್ನು ತಾನೇ ಹಿಡಿದುಕೊಂಡು ಕುಳಿತ. ಸಿಗ್ನಲ್ ಬಂದಾಗಲೊಮ್ಮೆ ಕೂಗುತ್ತಿದ್ದ. "ಆರು ಪಾಯಿಂಟ್ ಆತ್ರಿ! ಮೇಡಂ, ಹತ್ತು!" ಅನ್ನಪೂರ್ಣ ಟರ್ನೋವರಿನ ಕೊನೆಯ ಸಾಲನ್ನಷ್ಟೇ ನೋಡುತ್ತಿದ್ದಳು. ಅಲ್ಲಿ ಒಂದು ಎರಡಾಯಿತು, ಎರಡು ಮೂರಾಯಿತು.

"ಹದಿನಾಲ್ಕು! ಹೆಂಗ ಆಡ್ಯಾನ ನೋಡ್ರಿ ಮುದುಕ. ನೀವು ತೆಗೀತಿದ್ರಿ ಅವನ್ನ!"

"ಚಲೋ ಆಡ್ದ ಕನಕರಾಯ," ಎಂದು ಅವಳು ಮೊಬೈಲು ತೆಗೆದುಕೊಂಡು ಇಳಿದಳು. ವೆಂಕಣ್ಣನ ಹೊಲದವರೆಗೆ ನಡೆಯುವಾಗ ಸ್ವಲ್ಪ ಬೇಸರವಿತ್ತು. ಗೂಟಗಳು ಇದ್ದ ಜಾಗದಲ್ಲೇ ಇದ್ದವು, ನಾಲ್ಕೂ ಕಡೆ ಜೋಳ ನಿಂತಿತ್ತು. ತೆನೆ ಕೊಯ್ದು, ಬಡಿದು, ತೂಗುವ ಹೊತ್ತಿಗೆ ಬೇಸರ ಎಲ್ಲಿ ಹೋಯಿತೋ ತಿಳಿಯಲಿಲ್ಲ. ಮಧ್ಯಾಹ್ನ ವೆಂಕಣ್ಣನ ಹೆಂಡತಿ ಬೂದೆಮ್ಮ ಕೊಟ್ಟ ಮಜ್ಜಿಗೆ ಕುಡಿಯುತ್ತ, ಸೋತೆನೆಂದು ಸ್ವಪ್ನಾಳಿಗೆ ಮೆಸೇಜು ಹಾಕಿದಳು.

ಸಂಜೆ ಹೀರಾಬಿಯ ಫೋನ್ ಬಂತು. ಅಲ್ಲಿಯವರೆಗೆ ಇಬ್ಬರೂ ಒಮ್ಮೆಯೂ ಮಾತಾಡಿರಲಿಲ್ಲ.

"ಅಕ್ಕಾ, ಆ ಮುದುಕನ್ನ ಬೆಂಚಿನ ಮ್ಯಾಲ ಕೂಡಿಸಿದ್ರ ನೀವ ಗೆಲ್ತಿದ್ರಿ. ನಿಮಗ ಹೊಳೀಲಿಲ್ಲೇನ್ರಿ?"

"ಹೊಳದಿತ್ತವ್ವ." ಅನ್ನಪೂರ್ಣ ಜೋಳದ ಕತೆಯನ್ನೂ ಕನಕರಾಯನ ಕತೆಯನ್ನೂ ಹೇಳಿದಳು. ಆ ಕಡೆ ಹೀರಾಬಿ ಎಷ್ಟು ನಕ್ಕಳೆಂದರೆ ಫೋನಿನ ಮೇಲೆಯೇ ಕೆಮ್ಮು ಬಂತು.

"ಅಕ್ಕಾ, ಒಂದು ಕೆಲಸ ಅದ. ನಮ್ಮ ಹುಡಿಗ್ಯಾರು ಆಡ್ತಾರ. ಯಾರು ಎಷ್ಟು ಹಾಕಿದ್ರು ಅನ್ನೂದು ಬಿಟ್ರ ನಾ ಏನೂ ಬರಿಯಂಗಿಲ್ಲ. ನೀವೊಮ್ಮಿ ಬಂದು ಬರೀತೀರೇನ್ರಿ?"

ಭಾನುವಾರ ಬೆಳಗಿನ ಮೊದಲ ಬಸ್ಸಿಗೆ ಅವಳು ಮಾನ್ವಿಗೆ ಹೋದಳು. ಸಿಮೆಂಟಿನ ಅಂಗಳ, ಎರಡು ಬುಟ್ಟಿ, ಒಂದಕ್ಕೆ ಬಲೆಯಿರಲಿಲ್ಲ. ಹನ್ನೆರಡು ಹುಡುಗಿಯರು ಅವಳನ್ನು ಸುತ್ತುವರಿದರು. ಯಾರೋ ಚೆಂಡನ್ನು ಅವಳ ಕೈಗಿಟ್ಟರು. ಇಷ್ಟು ಭಾರವಿರುತ್ತದೆಂದು ಅವಳು ಅಂದುಕೊಂಡಿರಲಿಲ್ಲ. ಹುಡುಗಿಯರ ಒತ್ತಾಯಕ್ಕೆ ಎಸೆದಳು. ಅದು ಬುಟ್ಟಿಯ ಹತ್ತಿರಕ್ಕೂ ಹೋಗಲಿಲ್ಲ. ನಾಚಿಕೆಯಿಂದ ನಗುತ್ತ, ಗೋಡೆಯ ನೆರಳಿಗೆ ಹೋಗಿ ಒಂಬತ್ತು ಸಾಲಿನ ಹಾಳೆ ಬಿಡಿಸಿಕೊಂಡು ಕುಳಿತಳು.

ಪಂದ್ಯ ಮುಗಿದ ಕೂಡಲೇ ಹೀರಾಬಿ ಓಡಿಬಂದಳು. "ಯಾರು ಚಲೋ ಆಡಿದ್ರು ಅಕ್ಕಾ?"

"ಒಂದ ಮ್ಯಾಚಿಗೆ ಹೇಳಾಕ ಬರಂಗಿಲ್ಲವ್ವ. ಇನ್ನೂ ನೋಡಬೇಕು."

ಹಾಗೆ ಏಳು ಭಾನುವಾರ ಹೋದಳು. ಬಿಸಿಲು ಏರುವ ಮೊದಲೇ ಆಟ ಮುಗಿಸುತ್ತಿದ್ದರು. ಎಂಟನೇ ಭಾನುವಾರ ಅವಳು ಹೀರಾಬಿಯನ್ನು ಪಕ್ಕಕ್ಕೆ ಕೂರಿಸಿಕೊಂಡು ಹಾಳೆ ತೋರಿಸಿದಳು. ಮಲ್ಲಿಕಾ ಎಂಬ ಹುಡುಗಿಯ ಹೆಸರಿನ ಮುಂದೆ ಪಾಯಿಂಟುಗಳೇ ಇರಲಿಲ್ಲ. ಹೀರಾಬಿ ಅವಳನ್ನು ಕೊನೆಯ ಐದು ನಿಮಿಷಕ್ಕಷ್ಟೇ ಇಳಿಸುತ್ತಿದ್ದಳು. ಆದರೆ ಆಡಿದ ನಿಮಿಷಗಳಿಗೆ ಹೋಲಿಸಿದರೆ ಪುಟಿದ ಚೆಂಡನ್ನು ಅತಿ ಹೆಚ್ಚು ಹಿಡಿದವಳು ಅವಳು, ಚೆಂಡನ್ನು ಅತಿ ಕಡಿಮೆ ಕಳೆದುಕೊಂಡವಳೂ ಅವಳೇ.

ಹೀರಾಬಿ ಬಹಳ ಹೊತ್ತು ಹಾಳೆ ನೋಡಿದಳು. "ಹನ್ನೆರಡು ವರ್ಷ ಆಡಿದಾಕಿ ನಾನು. ನನ್ನ ಕಣ್ಣಿಗೆ ಬೀಳಲಿಲ್ಲ ನೋಡ್ರಿ."

"ಬುಟ್ಟಿ ಕಡೆ ನೋಡಾವ್ರಿಗೆ ಬೀಳಂಗಿಲ್ಲ. ನಾ ಆಟ ತಿಳೀದಾಕಿ, ಎಲ್ಲಾ ಕಡೆ ನೋಡ್ತೀನಿ."

ಒಂದು ತಪ್ಪೂ ಆಯಿತು. ಆ ಹಾಳೆ ಹುಡುಗಿಯರ ಕೈಗೆ ಸಿಕ್ಕಿ, ಹೆಚ್ಚು ಪಾಯಿಂಟ್ ಹಾಕುತ್ತಿದ್ದ ಹುಡುಗಿ ತಾನು ಎಸೆದುದರಲ್ಲಿ ನೂರಕ್ಕೆ ಇಪ್ಪತ್ತೆರಡೇ ಬೀಳುತ್ತವೆಂದು ನೋಡಿ ಅತ್ತುಬಿಟ್ಟಳು. ತನ್ನ ಅಂಕಿಗಳಿಂದ ಯಾರಿಗಾದರೂ ನೋವಾದೀತೆಂದು ಅಮೆರಿಕದ ಆಟಗಾರರ ವಿಷಯದಲ್ಲಿ ಅನ್ನಪೂರ್ಣ ಯೋಚಿಸಬೇಕಾಗಿ ಬಂದಿರಲಿಲ್ಲ. ಆ ಹುಡುಗಿಯ ಪಕ್ಕ ಕುಳಿತು ಸಮಾಧಾನ ಮಾಡಿ, ಹತ್ತಿರದಿಂದ ಎಸೆದವುಗಳಲ್ಲಿ ನೂರಕ್ಕೆ ಐವತ್ತು ಬಿದ್ದಿವೆಯೆಂದು ಬೇರೆ ಮಾಡಿ ತೋರಿಸಿದಳು. ಅಂದಿನಿಂದ ಹಾಳೆ ಹೀರಾಬಿಗೆ ಮಾತ್ರ, ಅದೂ ಮಡಚಿ ಕೊಡುವುದೆಂದು ನೇಮ ಮಾಡಿಕೊಂಡಳು.

ಸೆಪ್ಟೆಂಬರಿನಲ್ಲಿ ಜಿಲ್ಲಾ ಕ್ರೀಡಾಕೂಟ ರಾಯಚೂರಿನಲ್ಲಿ ನಡೆಯಿತು. ಮರಿಸ್ವಾಮಿ ಮಿಲ್ಲಿಗೆ ರಜೆ ಹಾಕಿ ಹೆಂಡತಿಯ ಜೊತೆ ಬಂದು ಕುಳಿತ. ಸ್ವಪ್ನಾ ಹುಡುಗಿಯರ ಕಾಲಿಗೆ ಪಟ್ಟಿ ಸುತ್ತಿದಳು. ಮಲ್ಲಿಕಾ ಮೊದಲ ನಿಮಿಷದಿಂದಲೇ ಇಳಿದಳು. ಮಾನ್ವಿಯ ಹುಡುಗಿಯರು ಮೂರು ಪಂದ್ಯ ಗೆದ್ದು ಫೈನಲ್‌ಗೆ ಬಂದು, ಅಲ್ಲಿ ನಾಲ್ಕು ಪಾಯಿಂಟಿನಿಂದ ಸೋತರು. ಆ ಶಾಲೆಗೆ ಅಲ್ಲಿಯವರೆಗೆ ಮೊದಲ ಸುತ್ತು ದಾಟಿಯೇ ಗೊತ್ತಿರಲಿಲ್ಲ. ಹೀಗಾಗಿ ಯಾರೂ ಅಳಲಿಲ್ಲ. ಮೈದಾನದ ಹೊರಗಿನ ಬಂಡಿಯಲ್ಲಿ ಮರಿಸ್ವಾಮಿ ಎಲ್ಲರಿಗೂ ಮಿರ್ಚಿ ಭಜಿ ಕೊಡಿಸಿದ.

ಕೈಗೆ ಹತ್ತಿದ ಎಣ್ಣೆಯನ್ನು ಒರೆಸಿಕೊಳ್ಳುತ್ತ ಮಲ್ಲಿಕಾ ಅನ್ನಪೂರ್ಣಳ ಬಳಿ ಬಂದಳು.

"ಮೇಡಂ, ನಾ ಇವತ್ತು ಎಷ್ಟು ಹಿಡದೀನ್ರಿ?"

ಅನ್ನಪೂರ್ಣ ಹಾಳೆ ತೆಗೆದು ಗೀಟುಗಳನ್ನು ಎಣಿಸಿದಳು. "ಹನ್ನೊಂದು."

"ಹನ್ನೆರಡ್ರಿ. ಕೊನಿದು ನೀವು ಬರೀಲಿಲ್ಲ. ನೀವು ಎದ್ದು ನಿಂತು ಚಪ್ಪಾಳಿ ಹೊಡ್ಯಾಕತ್ತಿದ್ರಿ."

ಅದು ನಿಜವೆಂದು ಮರಿಸ್ವಾಮಿಯೂ ಸಾಕ್ಷಿ ಹೇಳಿದ. ಅನ್ನಪೂರ್ಣ ಭಜಿಯ ಕಾಗದವನ್ನು ಅವನ ಕೈಗೆ ಕೊಟ್ಟು, ಪೆನ್ನು ತೆಗೆದು, ಮಲ್ಲಿಕಾಳ ಹೆಸರಿನ ಮುಂದೆ ಇನ್ನೊಂದು ಗೀಟು ಎಳೆದಳು.